‘ಮಿತಿಯೊಳಗಿದೆ’ ಅಂದರೆ ಯಾವ ಮಿತಿ?

“ಎಲ್ಲಾ ಪ್ಯಾರಾಮೀಟರ್‌ಗಳು ಮಿತಿಯೊಳಗಿವೆ.” ಔಷಧ ಕಾರ್ಖಾನೆಯ ಪಕ್ಕದ ಹಳ್ಳದ ಬಗ್ಗೆ ಕೇಳಿದಾಗ ನಮ್ಮಂಥ ಜಿಲ್ಲಾ ಸ್ಟ್ರಿಂಜರ್‌ಗಳಿಗೆ ಸಿಗುವ ಉತ್ತರ ಹೆಚ್ಚುಕಡಿಮೆ ಇದೊಂದೇ. ಊರವರು ವಾಸನೆ ಅನ್ನುತ್ತಾರೆ, ನೊರೆ ಅನ್ನುತ್ತಾರೆ, ಎಮ್ಮೆ ನೀರು ಮೂಸಿ ಹಿಂದೆ ಸರಿಯಿತು ಅನ್ನುತ್ತಾರೆ. ಅಧಿಕಾರಿ ಒಂದು ಹಾಳೆ ತೋರಿಸುತ್ತಾರೆ. ಡೆಸ್ಕ್‌ನವರಿಗೆ ಇಬ್ಬರ ಮಾತೂ ಬೇಕು, ಜಾಗ ಇರುವುದು ನೂರೈವತ್ತು ಪದಕ್ಕೆ. ಊರವರ ಮಾತು ‘ಆರೋಪ’ವಾಗುತ್ತದೆ, ಅಧಿಕಾರಿಯ ಮಾತು ‘ಸ್ಪಷ್ಟನೆ’ಯಾಗುತ್ತದೆ. ಸ್ಪಷ್ಟನೆ ಕೊನೆಯಲ್ಲಿ ಅಚ್ಚಾಗುವುದರಿಂದ ಓದುಗರ ಮನಸ್ಸಿನಲ್ಲಿ ಅದೇ ತೀರ್ಪಾಗಿ ಉಳಿಯುತ್ತದೆ.

ನಮ್ಮ ತಕರಾರು ಆ ಹಾಳೆಯಲ್ಲಿರುವ ಅಂಕಿಗಳ ಮೇಲಲ್ಲ. ಅವು ನಿಜವೇ ಇರಬಹುದು. ತಕರಾರು ಇರುವುದು ಅದರಲ್ಲಿ ಇಲ್ಲದ ಸಾಲಿನ ಮೇಲೆ. ಪಿಎಚ್ ಇದೆ, ಬಿಒಡಿ ಇದೆ, ಸಿಒಡಿ ಇದೆ, ಎಣ್ಣೆ-ಜಿಡ್ಡು ಇದೆ, ತೇಲುವ ಕಣಗಳ ಲೆಕ್ಕವಿದೆ. ಔಷಧ ತಯಾರಿಸುವ ಕಾರ್ಖಾನೆಯ ನೀರಿನಲ್ಲಿ ಔಷಧ ಎಷ್ಟಿದೆ ಎಂಬುದೊಂದೇ ಇಲ್ಲ. ಸಾರಾಯಿ ಅಂಗಡಿ ತಪಾಸಣೆಗೆ ಹೋದವರು ಬೆಂಚು, ಗ್ಲಾಸು, ಬಲ್ಬುಗಳನ್ನೆಲ್ಲ ಎಣಿಸಿಕೊಂಡು, ಬಾಟಲಿಗಳನ್ನು ಮಾತ್ರ ನೋಡದೆ ಬಂದ ಹಾಗಾಯಿತು ಇದು. ಆ ಒಂದು ಸಾಲು ಇಲ್ಲದೆ ‘ಮಿತಿಯೊಳಗಿದೆ’ ಎಂಬ ಮಾತಿಗೆ ಅರ್ಥವೇ ಇಲ್ಲ ಎಂಬುದು ನಮ್ಮ ವಾದ. ಅದಕ್ಕೆ ಕಾರಣ ಹುಡುಕಬೇಕಾದ್ದು ಬಾಟಲಿಯಲ್ಲಿ ತುಂಬಿಸಿಕೊಂಡ ನೀರಿನಲ್ಲಲ್ಲ, ಹಳ್ಳದ ತಳದ ಕಲ್ಲಿಗೆ ಅಂಟಿಕೊಂಡ ಲೋಳೆಯಲ್ಲಿ.

ಹಳ್ಳಕ್ಕೆ ಇಳಿದವರಿಗೆಲ್ಲ ಆ ಲೋಳೆ ಗೊತ್ತು. ಕಾಲಿಟ್ಟರೆ ಜಾರುವ ಕಲ್ಲು, ನಾಲ್ಕು ದಿನ ತಿಕ್ಕದ ಕೊಡದ ಒಳಮೈಯ ಜಾರಿಕೆ, ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ನಾಲಿಗೆಗೆ ಹತ್ತುವ ಅಂಟು, ಊರ ನೀರಿನ ಟ್ಯಾಂಕಿನ ಗೋಡೆಯ ಮೇಲಿನ ಪದರ, ಎಲ್ಲವೂ ಒಂದೇ ಬಗೆಯವು. ವಿಜ್ಞಾನಿಗಳು ಇದಕ್ಕೆ ಬಯೋಫಿಲ್ಮ್ ಅನ್ನುತ್ತಾರೆ. ನಾವು ಲೋಳೆ ಅಂತಲೇ ಕರೆಯೋಣ. ಬ್ಯಾಕ್ಟೀರಿಯಾ ಅಂದರೆ ನೀರಿನಲ್ಲಿ ಒಂಟಿಯಾಗಿ ಈಜಾಡುವ ಜೀವಿ ಎಂದು ಶಾಲೆಯ ಪುಸ್ತಕದ ಚಿತ್ರ ಹೇಳುತ್ತದೆ. ಹಳ್ಳದಲ್ಲಿ ಅವು ಹಾಗೆ ಬದುಕುವುದು ಕಡಿಮೆ. ಕಲ್ಲು, ಬೇರು, ಪೈಪು, ಕೆಸರು, ಏನು ಸಿಕ್ಕರೂ ಅಂಟಿಕೊಳ್ಳುತ್ತವೆ. ಸಕ್ಕರೆಯ ಸರಪಳಿಗಳು, ಪ್ರೋಟೀನು, ಡಿಎನ್‌ಎ ತುಣುಕುಗಳನ್ನು ಸೇರಿಸಿ ಗಾರೆಯಂಥದ್ದೊಂದು ಅಂಟು ಕಲಸಿಕೊಂಡು, ಅದರೊಳಗೆ ಊರು ಕಟ್ಟುತ್ತವೆ. ಆ ಊರಿನಲ್ಲಿ ಹತ್ತಾರು ಜಾತಿಯ ಬ್ಯಾಕ್ಟೀರಿಯಾಗಳಿರುತ್ತವೆ. ಪಾಚಿ, ಶಿಲೀಂಧ್ರಗಳೂ ಅಲ್ಲೇ ಮನೆ ಮಾಡಿರುತ್ತವೆ.

ಈ ಲೋಳೆ ಹುಟ್ಟಾ ಕೆಟ್ಟದ್ದಲ್ಲ. ಹರಿಯೋ ನೀರಿಗೆ ಮೈಲಿಗೆಯಿಲ್ಲ ಅಂತ ಹಿರಿಯರು ಹೇಳುತ್ತಾರಲ್ಲ, ಆ ಮಾತಿನ ಹಿಂದೆ ದುಡಿಯುವ ಕೂಲಿಯಾಳುಗಳು ಇವೇ. ಕೊಳೆತ ಎಲೆ, ಸಗಣಿ, ಊರಿನ ಹೊಲಸು ಎಲ್ಲವನ್ನೂ ತಿಂದು, ಉಸಿರಾಡಿ, ನೀರನ್ನು ಮುಂದಕ್ಕೆ ಕಳಿಸುವುದು ಕಲ್ಲಿನ ಮೇಲಿನ ಈ ಪದರ. ಮೀನಿನ ಮರಿ, ಬಸವನಹುಳು ಮೇಯುವುದೂ ಇದನ್ನೇ. ಹಳ್ಳದ ಕಸಬರಿಗೆಯೂ ಇದೇ, ಹಳ್ಳದ ಹುಲ್ಲುಗಾವಲೂ ಇದೇ.

ಇಂಥ ಪದರಕ್ಕೆ ಔಷಧ ತಗುಲಿದರೆ ಏನಾಗುತ್ತದೆ? ಅಮೆರಿಕದ ಇಂಡಿಯಾನಾ, ಮೇರಿಲ್ಯಾಂಡ್, ನ್ಯೂಯಾರ್ಕ್ ರಾಜ್ಯಗಳ ತೊರೆಗಳಲ್ಲಿ ಎಮ್ಮಾ ರೋಸಿ-ಮಾರ್ಷಲ್ ಮತ್ತು ಸಂಗಡಿಗರು ಇದನ್ನು ನೇರವಾಗಿಯೇ ನೋಡಿದರು. ನಿಧಾನಕ್ಕೆ ಔಷಧ ಜಿನುಗುವ ಪುಟ್ಟ ಬಟ್ಟಲುಗಳನ್ನು ತೊರೆಯಲ್ಲಿಟ್ಟು, ಅವುಗಳ ಬಾಯಿಯ ಮೇಲೆ ಬೆಳೆಯುವ ಲೋಳೆಯನ್ನು ಔಷಧವಿಲ್ಲದ ಬಟ್ಟಲಿನ ಲೋಳೆಯೊಂದಿಗೆ ಹೋಲಿಸಿದರು. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಿಗುವ ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಆ ಪದರದ ಉಸಿರಾಟವನ್ನು ಶೇ 91ರಷ್ಟು ಕುಗ್ಗಿಸಿತು. ಅಲರ್ಜಿಗೆ ಕೊಡುವ ಡೈಫೆನ್‌ಹೈಡ್ರಮೈನ್ ಶೇ 63ರಷ್ಟು ಕುಗ್ಗಿಸಿತು. ಇದು ಆ್ಯಂಟಿಬಯಾಟಿಕ್ ಅಲ್ಲ ಎಂಬುದನ್ನು ಗಮನಿಸಿ. ಆದರೂ ಅದು ತಗುಲಿದ ಕಡೆ ಮೂರೂ ತೊರೆಗಳಲ್ಲಿ ಪದರದ ಒಳಗಿನ ಜನಸಂಖ್ಯೆಯೇ ಬದಲಾಯಿತು: ಫ್ಲೇವೊಬ್ಯಾಕ್ಟೀರಿಯಂ ಗುಂಪು ಇಳಿಯಿತು, ಸ್ಯೂಡೊಮೊನಾಸ್ ಗುಂಪು ಏರಿತು.

ಅಂದರೆ ಔಷಧ ಬಿದ್ದಾಗ ಲೋಳೆ ಒಟ್ಟಾರೆ ಬೆಳೆಯಿತೋ ಕರಗಿತೋ ಎಂಬುದಷ್ಟೇ ಪ್ರಶ್ನೆಯಲ್ಲ. ದುಡಿಯುವವರು ಊರು ಬಿಟ್ಟು, ಗಟ್ಟಿ ಚರ್ಮದವರು ಬಂದು ಕೂತರೆ ಮನೆಗಳ ಲೆಕ್ಕ ಅಷ್ಟೇ ಇರಬಹುದು, ಊರು ಅದೇ ಆಗಿರುವುದಿಲ್ಲ. ಸ್ಯೂಡೊಮೊನಾಸ್ ಎಲ್ಲವೂ ರೋಗ ತರುವಂಥವಲ್ಲ. ಆದರೆ ಆ ಕುಲದ ಸ್ಯೂಡೊಮೊನಾಸ್ ಏರುಜಿನೋಸಾ ಎಂಬುದರ ಹೆಸರು ಕೇಳಿದರೆ ಆಸ್ಪತ್ರೆಗಳಲ್ಲಿ ಸುಟ್ಟಗಾಯದ ವಾರ್ಡಿನವರೂ ಐಸಿಯುನವರೂ ಬೆಚ್ಚುತ್ತಾರೆ.

ಇದೇ ಏರುಜಿನೋಸಾದ ಮೇಲೆ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಕೆಲಸ ನಮ್ಮ ವಾದಕ್ಕೆ ಮುಖ್ಯ. ಟೋಬ್ರಾಮೈಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಕೊಲ್ಲುವ ಪ್ರಮಾಣಕ್ಕಿಂತ ಕಡಿಮೆ ಹಾಕಿದಾಗ ಬ್ಯಾಕ್ಟೀರಿಯಾ ಸಾಯಲಿಲ್ಲ, ಸುಮ್ಮನೆಯೂ ಕೂರಲಿಲ್ಲ. ಮೊದಲಿಗಿಂತ ಹೆಚ್ಚು ಲೋಳೆ ಕಟ್ಟಿತು. ನಮ್ಮ ಕರುಳಿನಲ್ಲಿರುವ ಇ. ಕೊಲೈ ಕೂಡ ಹಾಗೇ ಮಾಡಿತು. ಪೂರ್ತಿ ಹೊಡೆತ ಬಿದ್ದರೆ ಸಾಯುತ್ತದೆ, ಅರೆ ಹೊಡೆತ ಬಿದ್ದರೆ ಕೋಟೆ ಕಟ್ಟುತ್ತದೆ. ಎಲ್ಲ ಔಷಧವೂ ಎಲ್ಲ ಪ್ರಮಾಣದಲ್ಲೂ ಹೀಗೇ ಮಾಡುತ್ತದೆ ಎಂದಲ್ಲ. ಆದರೆ ಬೇರೆ ಬೇರೆ ಬಗೆಯ ಆ್ಯಂಟಿಬಯಾಟಿಕ್‌ಗಳಲ್ಲಿ, ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಇದು ಕಂಡುಬಂದಿದೆ. ಹಳ್ಳಕ್ಕೆ ಸೇರಿದ ಔಷಧ ಕೆಳಕ್ಕೆ ಹರಿದಂತೆಲ್ಲ ತಿಳಿಯಾಗುತ್ತ, ಈ ‘ಅರೆ ಹೊಡೆತ’ದ ಪ್ರಮಾಣಕ್ಕೆ ಎಲ್ಲೋ ಒಂದು ಕಡೆ ಬಂದೇ ಬರುತ್ತದೆ. ‘ನದಿ ದೊಡ್ಡದು, ಬೆರೆತು ಹೋಗುತ್ತದೆ’ ಎಂಬ ಸಮಾಧಾನ ಇಲ್ಲಿ ತಿರುಗುಬಾಣ.

ಕೋಟೆಯೊಳಗೆ ಹೊಕ್ಕ ಮೇಲೆ ಅವನ್ನು ಮಣಿಸುವುದು ಕಷ್ಟ. ಅಂಟಿನ ಗೋಡೆ ದಾಟಿ ಒಳಗೆ ಹೋಗಲು ಕೆಲವು ಔಷಧಗಳಿಗೆ ಹೊತ್ತು ಹಿಡಿಯುತ್ತದೆ. ಒಳಗಡೆ ಆಹಾರ, ಆಮ್ಲಜನಕ ಕಡಿಮೆಯಿರುವ ಜಾಗದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನಿದ್ದೆ ಹೋದಂತೆ ಬಿದ್ದಿರುತ್ತವೆ. ಬೆಳೆಯುವ ಜೀವಿಯನ್ನು ಹೊಡೆಯಲು ಮಾಡಿದ ಔಷಧ ನಿದ್ದೆ ಹೋದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ಈಜಾಡುವ ಒಂಟಿ ಬ್ಯಾಕ್ಟೀರಿಯಾಕ್ಕೆ ಸಾಕಾಗುವ ಔಷಧಕ್ಕಿಂತ ಹತ್ತು ಪಟ್ಟು, ನೂರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಹಾಕಿದರೂ ಲೋಳೆಯೊಳಗಿನದು ಬದುಕುಳಿಯಬಹುದು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತಿಂಗಳುಗಟ್ಟಲೆ ಮಾಯದಿರುವುದಕ್ಕೆ, ಮೂತ್ರಕ್ಕೆ ಹಾಕಿದ ನಳಿಗೆಯಲ್ಲಿ ಸೋಂಕು ಮತ್ತೆ ಮತ್ತೆ ಮರಳುವುದಕ್ಕೆ ಇದೂ ಒಂದು ಕಾರಣ. ನಲ್ಲಿಯ ಕೊಳವೆಯೊಳಗಿನ ಲೋಳೆಗೆ ಕ್ಲೋರಿನ್ ನಾಟದಿರುವುದಕ್ಕೂ ಇದೇ ಕಾರಣ.

ಇನ್ನೂ ಒಂದು ಸಂಗತಿಯಿದೆ, ಅದು ಹೆಚ್ಚು ಭಯ ಹುಟ್ಟಿಸುವಂಥದ್ದು. ಔಷಧಕ್ಕೆ ಬಗ್ಗದ ವಿದ್ಯೆ ಬ್ಯಾಕ್ಟೀರಿಯಾದ ಜೀನುಗಳಲ್ಲಿ ಇರುತ್ತದೆ. ಆ ಜೀನುಗಳಲ್ಲಿ ಹಲವು ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರಗಳಲ್ಲಿದ್ದು, ಒಂದರಿಂದ ಒಂದಕ್ಕೆ, ಒಂದು ಜಾತಿಯಿಂದ ಇನ್ನೊಂದು ಜಾತಿಗೂ ದಾಟಬಲ್ಲವು. ಲೋಳೆಯೊಳಗೆ ಎಲ್ಲವೂ ಮೈಗೆ ಮೈ ತಾಗಿಸಿಕೊಂಡು ಕೂತಿರುವುದರಿಂದ ಈ ಕೊಡುಕೊಳ್ಳುವಿಕೆಗೆ ಅದು ಸಂತೆಯಿದ್ದ ಹಾಗೆ. ಸಿಪ್ರೊಫ್ಲಾಕ್ಸಾಸಿನ್‌ನಂಥ ಔಷಧ ಬ್ಯಾಕ್ಟೀರಿಯಾದ ಡಿಎನ್‌ಎಗೆ ಏಟು ಹಾಕಿದಾಗ, ಅದರೊಳಗೆ ಎಸ್‌ಒಎಸ್ ಎಂದೇ ಕರೆಯಲಾಗುವ ಅಪಾಯದ ಗಂಟೆ ಬಾರಿಸುತ್ತದೆ. ಆ ಹೊತ್ತಿನಲ್ಲಿ ಜೀನುಗಳ ದಾಟಾಟವೂ ತಪ್ಪು ನಕಲುಗಳೂ ಹೆಚ್ಚುತ್ತವೆ ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿದೆ. ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಡಾನ್ ಆಂಡರ್ಸನ್ ತಂಡ 2011ರಲ್ಲಿ ತೋರಿಸಿದ್ದು ಇನ್ನೂ ಕಟು: ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸುವ ಪ್ರಮಾಣಕ್ಕಿಂತ ನೂರಾರು ಪಟ್ಟು ಕಡಿಮೆ ಔಷಧವಿದ್ದರೂ ಸಾಕು, ಬಗ್ಗದ ತಳಿಗಳು ಬಗ್ಗುವ ತಳಿಗಳನ್ನು ಹಿಂದಿಕ್ಕುತ್ತವೆ.

ಇದೆಲ್ಲ ಹೊರದೇಶದ ತೊರೆ, ಪ್ರಯೋಗಾಲಯದ ಗಾಜಿನ ಮಾತು ಎನ್ನುವವರು ಬೀದರಿನಿಂದ ಹೈದರಾಬಾದ್ ಬಸ್ ಹತ್ತಲಿ. ಜಹೀರಾಬಾದ್, ಸಂಗಾರೆಡ್ಡಿ ದಾಟಿ, ಮಹಾನಗರ ಶುರುವಾಗುವಲ್ಲಿ ಪಟಾನ್‌ಚೆರು ಸಿಗುತ್ತದೆ. 1970ರ ದಶಕದಿಂದ ಬೆಳೆದ ಕೈಗಾರಿಕಾ ಪ್ರದೇಶ. ಜಗತ್ತಿನ ಎಷ್ಟೋ ದೇಶಗಳ ಮಾತ್ರೆಗಳಿಗೆ ಕಚ್ಚಾ ಔಷಧ ತಯಾರಾಗುವ ಜಾಗ. ಅಲ್ಲಿನ ಸುಮಾರು 90 ಔಷಧ ಕಾರ್ಖಾನೆಗಳ ತ್ಯಾಜ್ಯನೀರನ್ನು ಒಟ್ಟಿಗೆ ಶುದ್ಧ ಮಾಡುವ ಸಾಮೂಹಿಕ ಘಟಕವೊಂದಿತ್ತು. ‘ಶುದ್ಧ’ವಾದ ನೀರು ಇಸಕವಾಗು, ನಕ್ಕವಾಗು ಎಂಬ ಹಳ್ಳಗಳ ಮೂಲಕ ನದಿ ಸೇರುತ್ತಿತ್ತು.

ಸ್ವೀಡನ್ನಿನ ಯೊಹಾಕಿಮ್ ಲಾರ್ಶನ್ ಮತ್ತು ಸಂಗಡಿಗರು ಆ ಘಟಕದಿಂದ ಹೊರಬರುವ ನೀರಿನಲ್ಲಿ ಔಷಧಗಳನ್ನೇ ಅಳೆದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್! ಕೊಡದ ಲೆಕ್ಕಕ್ಕೆ ತನ್ನಿ: 16 ಲೀಟರಿನ ಒಂದು ಕೊಡದಲ್ಲಿ 500 ಎಂಜಿಯ ಒಂದು ಮಾತ್ರೆ. ಕೆಲವು ಬ್ಯಾಕ್ಟೀರಿಯಾಗಳಿಗೆ ವಿಷವಾಗುವ ಪ್ರಮಾಣಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ದಿನಕ್ಕೆ ಸುಮಾರು 45 ಕಿಲೋ ಔಷಧ ನೀರುಪಾಲಾಗುತ್ತಿತ್ತು ಎಂಬುದು ಅವರ ಅಂದಾಜು. 500 ಎಂಜಿ ಮಾತ್ರೆಯಲ್ಲಿ ಎಣಿಸಿದರೆ 90 ಸಾವಿರ ಮಾತ್ರೆ, ಅದೂ ಒಂದೇ ದಿನಕ್ಕೆ. ಆಗ 90 ಲಕ್ಷ ಜನರಿದ್ದ ಸ್ವೀಡನ್ ದೇಶಕ್ಕೆ ಐದು ದಿನ ಸಾಲುವಷ್ಟು.

2009ರಲ್ಲಿ ಇದೇ ಗುಂಪಿನವರ ಇನ್ನೊಂದು ಅಧ್ಯಯನ ಸುತ್ತಲಿನ ಕೆರೆ, ಬಾವಿಗಳನ್ನು ನೋಡಿತು. ಒಂದು ಕೆರೆಯಲ್ಲಿ ಸಿಪ್ರೊಫ್ಲಾಕ್ಸಾಸಿನ್ ಲೀಟರಿಗೆ 6.5 ಮಿಲಿಗ್ರಾಂವರೆಗೆ ಇತ್ತು, ನೆಗಡಿ-ತುರಿಕೆಗೆ ನಾವು ನುಂಗುವ ಸೆಟಿರಿಜಿನ್ 1.2 ಮಿಲಿಗ್ರಾಂವರೆಗೆ ಇತ್ತು. ಹಳ್ಳಿಗಳ ಬಾವಿಗಳಲ್ಲೂ ಔಷಧ ಸಿಕ್ಕಿತು. ಹಲವು ಬಾವಿಗಳಲ್ಲಿ ಲೀಟರಿಗೆ ಒಂದು ಮೈಕ್ರೋಗ್ರಾಂ ದಾಟಿತ್ತು. ಒಂದು ಮೈಕ್ರೋಗ್ರಾಂ ಎಂದರೆ ಏನೂ ಅಲ್ಲ ಅನಿಸಬಹುದು. ಆದರೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ ಮೇಲುಗೈ ಸಿಗದಂತೆ ಇರಬೇಕಾದರೆ ಸಿಪ್ರೊಫ್ಲಾಕ್ಸಾಸಿನ್ ಎಷ್ಟರೊಳಗೆ ಇರಬೇಕು ಎಂದು ವಿಜ್ಞಾನಿಗಳು 2016ರಲ್ಲಿ ಲೆಕ್ಕ ಹಾಕಿದ್ದು ಲೀಟರಿಗೆ 0.06 ಮೈಕ್ರೋಗ್ರಾಂ.

ಶುದ್ಧೀಕರಣ ಘಟಕದ ಕಥೆ ಇನ್ನೂ ವಿಚಿತ್ರ. ಇಂಥ ಘಟಕಗಳಲ್ಲಿ ಹೊಲಸು ತಿನ್ನುವ ಕೆಲಸ ಬ್ಯಾಕ್ಟೀರಿಯಾಗಳದ್ದೇ. ಅವು ಅಲ್ಲೂ ಉಂಡೆ ಉಂಡೆಯಾಗಿ, ಲೋಳೆಯಾಗಿಯೇ ಬೆಳೆಯುತ್ತವೆ. ಪಟಾನ್‌ಚೆರುವಿನಲ್ಲಿ ಅವು ಚೆನ್ನಾಗಿ ಕೆಲಸ ಮಾಡಲಿ ಎಂದು ಔಷಧ ನೀರಿಗೆ ಮನುಷ್ಯರ ಚರಂಡಿ ನೀರನ್ನೂ ಬೆರೆಸುತ್ತಿದ್ದರು. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳನ್ನು ತಂದು, ಆ್ಯಂಟಿಬಯಾಟಿಕ್ ಸಾರಿನಲ್ಲಿ ನೆನೆಸಿ, ಬದುಕಿ ಉಳಿದವನ್ನು ಹಳ್ಳಕ್ಕೆ ಬಿಟ್ಟಂತೆ. 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಆ ಘಟಕದಲ್ಲಿ ಸಿಕ್ಕ ಬ್ಯಾಕ್ಟೀರಿಯಾ ತಳಿಗಳನ್ನು 39 ಆ್ಯಂಟಿಬಯಾಟಿಕ್‌ಗಳಿಗೆ ಒಡ್ಡಿ ನೋಡಿತು. ಶೇ 86ರಷ್ಟು ತಳಿಗಳು 20 ಅಥವಾ ಅದಕ್ಕಿಂತ ಹೆಚ್ಚು ಔಷಧಗಳಿಗೆ ಬಗ್ಗಲಿಲ್ಲ. ಇವುಗಳ ಪಾಠಶಾಲೆ ಯಾವುದು ಎಂದು ಬೇರೆ ಹೇಳಬೇಕೆ? ನದಿಯ ತಳದ ಕೆಸರಿನಲ್ಲಿ ಬಗ್ಗದ ಜೀನುಗಳ ರಾಶಿಯೇ ಇತ್ತು ಎಂದು 2011ರ ಅಧ್ಯಯನ ಆಗಲೇ ಹೇಳಿತ್ತು. ನೆನಪಿಡಿ, ಕೆಸರಿನಲ್ಲಿ. ಮೇಲಿನ ನೀರನ್ನು ಬಾಟಲಿಯಲ್ಲಿ ತುಂಬಿಸಿ ಬಿಒಡಿ ನೋಡುವವರಿಗೆ ಇದು ಯಾವತ್ತೂ ಕಾಣುವುದಿಲ್ಲ.

ಪಟಾನ್‌ಚೆರುವಿನ ಜನ ಸುಮ್ಮನೆ ಕೂತವರಲ್ಲ. ಅಲ್ಲೇ ದವಾಖಾನೆ ಇಟ್ಟುಕೊಂಡಿದ್ದ ಡಾ. ಅಲ್ಲಾನಿ ಕಿಷನ್ ರಾವ್ ಅವರಂಥವರು ದಶಕಗಳ ಕಾಲ ಬಡಿದಾಡಿದರು. ಪ್ರಕರಣ 1990ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಹೈಕೋರ್ಟು, ಹಸಿರು ನ್ಯಾಯಮಂಡಳಿ ಎಂದು ಓಡಾಡಿತು. ಆದರೆ ಔಷಧವನ್ನು ಔಷಧವಾಗಿ ಅಳೆದ ಅಂಕಿ ಜಗತ್ತಿಗೆ ಸಿಕ್ಕಿದ್ದು ಮೊದಲ ಬಾರಿಗೆ ಹೊರಗಿನ ವಿಜ್ಞಾನಿಗಳು ಬಂದು ನೋಡಿದ ಮೇಲೆ. ನಮ್ಮ ಮಂಡಳಿಗಳ ಹಾಳೆಯಲ್ಲಿ ಆ ಸಾಲೇ ಇರಲಿಲ್ಲವಲ್ಲ.

ಆ ಸಾಲು ಸೇರಿಸುವ ಅವಕಾಶ ಬಂದಿತ್ತು. ಬಂದು ಹೋಯಿತು. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಕರಡು ನಿಯಮ ಹೊರಡಿಸಿ, 121 ಆ್ಯಂಟಿಬಯಾಟಿಕ್‌ಗಳಿಗೆ ಕಾರ್ಖಾನೆಯ ತ್ಯಾಜ್ಯನೀರಿನಲ್ಲಿ ಇಷ್ಟೇ ಇರಬೇಕೆಂಬ ಮಿತಿ ಸೂಚಿಸಿತು. ಜಗತ್ತಿನಲ್ಲಿ ಯಾರೂ ಅಷ್ಟು ದೂರ ಹೋಗಿರಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಕೊಟ್ಟು, ಕಚ್ಚಾ ಔಷಧ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲದ ವರ್ಗಕ್ಕೆ ದಾರಿ ಮಾಡಿಕೊಟ್ಟಿತು. 2021ರ ಆಗಸ್ಟ್‌ನಲ್ಲಿ ಅಂತಿಮ ನಿಯಮ ಬಂದಾಗ ಆ 121 ಸಾಲುಗಳೂ ಮಾಯ! ಜನರ ಬಾಯಿಗೂ ಬೀಗ, ಅಳತೆಗೋಲಿಗೂ ಬೀಗ.

ಉಳಿದ ಪರೀಕ್ಷೆಗಳಲ್ಲಿ ಒಂದು ಮೀನಿನದು. ಸಂಸ್ಕರಿಸಿದ ತ್ಯಾಜ್ಯನೀರಿನಲ್ಲಿ ಮೀನು ಬಿಟ್ಟು, 96 ಗಂಟೆಗಳ ನಂತರ ಶೇ 90ರಷ್ಟು ಬದುಕಿದ್ದರೆ ಪಾಸು. ಮೀನು ಸಾಯುವ ವಿಷಕ್ಕೆ ಇದು ಸರಿಯಾದ ಪರೀಕ್ಷೆ. ಮೀನನ್ನು ಮುಟ್ಟದೆ ಕಲ್ಲಿನ ಮೇಲಿನ ಲೋಳೆಗೆ ಪಾಠ ಕಲಿಸುವ ಔಷಧಕ್ಕೆ ಇದು ಪರೀಕ್ಷೆಯೇ ಅಲ್ಲ. ನಾಲ್ಕು ದಿನ ಮೀನು ಆರಾಮಾಗಿ ಈಜಿದ್ದನ್ನು ತೋರಿಸಿ ‘ನೀರು ಸುರಕ್ಷಿತ’ ಎನ್ನುವುದು ಹಗಲುವೇಷ.

ಇದಕ್ಕೆ ಬರುವ ಉತ್ತರಗಳೂ ನಮಗೆ ಗೊತ್ತು. ಮೊದಲನೆಯದು, ‘ನಮ್ಮದು ಜೀರೋ ಡಿಸ್ಚಾರ್ಜ್ ಘಟಕ, ಹನಿ ನೀರೂ ಹೊರಗೆ ಹೋಗದು.’ ಒಳ್ಳೆಯದು. ಹನಿಯೂ ಬಿಡದವರಿಗೆ ಮಿತಿ ಹಾಕಿದರೆ ಏನು ನಷ್ಟ? ಕುಡಿಯದವನು ಪೊಲೀಸರ ಯಂತ್ರಕ್ಕೆ ಊದಲು ಯಾಕೆ ಹಿಂಜರಿಯಬೇಕು?

ಎರಡನೆಯದು, ‘ಆ್ಯಂಟಿಬಯಾಟಿಕ್ ಹಾಳುಗೆಡವಿದ್ದು ಜನರೇ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ತಿಂದರು, ಕೋಳಿಗೂ ತಿನ್ನಿಸಿದರು.’ ಈ ಮಾತಿನಲ್ಲಿ ಸತ್ಯವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿಗಳಲ್ಲಿ ಇ. ಕೊಲೈ ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗುವುದು ತೀರಾ ಕಡಿಮೆಯಾಗಿರುವುದು ಕಾಣುತ್ತದೆ. ಅದೆಲ್ಲ ಕಾರ್ಖಾನೆಗಳಿಂದಲೇ ಆಯಿತು ಎಂದು ಯಾರೂ ಹೇಳುತ್ತಿಲ್ಲ. ಆದರೆ ಮನುಷ್ಯರ ಮೂತ್ರದಿಂದ ಚರಂಡಿ ಸೇರುವುದು ಮೈಕ್ರೋಗ್ರಾಂ ಲೆಕ್ಕದ ಔಷಧ, ಪಟಾನ್‌ಚೆರುವಿನಲ್ಲಿ ಹರಿದದ್ದು ಮಿಲಿಗ್ರಾಂ ಲೆಕ್ಕದ್ದು. ಒಂದು ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ನೆಗಡಿಗೆ ಎರಡು ಮಾತ್ರೆ ನುಂಗಿದ ಕೂಲಿಯವಳ ಮೇಲೂ, ದಿನಕ್ಕೆ 90 ಸಾವಿರ ಮಾತ್ರೆಯಷ್ಟು ಹಳ್ಳಕ್ಕೆ ಬಿಟ್ಟ ವ್ಯವಸ್ಥೆಯ ಮೇಲೂ ಒಂದೇ ಸಮ ತಪ್ಪು ಹೊರಿಸುವುದು ನ್ಯಾಯವಲ್ಲ.

ಮೂರನೆಯದು, ‘ಅಳೆಯುವುದು ದುಬಾರಿ, ಅಂಥ ಯಂತ್ರ ಎಲ್ಲಿದೆ?’ ಯಂತ್ರ ಕಾರ್ಖಾನೆಯ ಗೋಡೆಯೊಳಗೇ ಇದೆ! ಒಂದು ಮಾತ್ರೆಯಲ್ಲಿ ಔಷಧ 500 ಎಂಜಿ ಇದೆಯೋ 490 ಇದೆಯೋ ಎಂದು ನೋಡದೆ ಯಾವ ಕಂಪನಿಯೂ ವಿದೇಶಕ್ಕೆ ಸರಕು ಕಳಿಸಲಾರದು. ಹಳ್ಳದಲ್ಲಿನ ಸೂಕ್ಷ್ಮ ಪ್ರಮಾಣಕ್ಕೆ ಇನ್ನೂ ಚುರುಕಾದ ಯಂತ್ರ ಬೇಕು, ನಿಜ. ಆದರೆ ಕಾರ್ಖಾನೆಯ ಕೊಳವೆಯ ಬಾಯಲ್ಲಿ, ಇನ್ನೂ ಬೆರೆಯದ ನೀರಿನಲ್ಲಿ ದೊಡ್ಡ ಪ್ರಮಾಣ ಇದೆಯೋ ಇಲ್ಲವೋ ಎಂದು ಹೇಳುವ ವಿದ್ಯೆ ಅವರ ಕೈಯಲ್ಲೇ ಇದೆ. ಕೊಳ್ಳುವವನಿಗೆ ಕೊಡುವ ಲೆಕ್ಕವನ್ನು ಹಳ್ಳದ ದಂಡೆಯವನಿಗೆ ಕೊಡಲು ಆಗದೆ?

ನಾಲ್ಕನೆಯದು, ‘ಉದ್ಯೋಗ ಬೇಡವೇ? ಅಗ್ಗದ ಔಷಧ ಬೇಡವೇ?’ ಎರಡೂ ಬೇಕು. ಸಿಪ್ರೊಫ್ಲಾಕ್ಸಾಸಿನ್ ಕೈಗೆಟಕುವ ಬೆಲೆಯಲ್ಲಿ ಸಿಕ್ಕಿದ್ದರಿಂದ ಬದುಕುಳಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೆ ತಯಾರಿಸುವ ಜಾಗದಲ್ಲೇ ಔಷಧವನ್ನು ನಿಷ್ಪ್ರಯೋಜಕ ಮಾಡುವುದು ಯಾವ ಅಗ್ಗ? 2019ರಲ್ಲಿ ಜಗತ್ತಿನಾದ್ಯಂತ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ 12.7 ಲಕ್ಷ ಜನ ಸತ್ತರೆಂಬ ಅಂದಾಜು ‘ಲ್ಯಾನ್ಸೆಟ್’ನಲ್ಲಿ ಬಂದಿದೆ. ಐವತ್ತು ರೂಪಾಯಿಯ ಗುಳಿಗೆ ಕೆಲಸ ಮಾಡದಿದ್ದಾಗ ನಮ್ಮ ಜನ ಕಲಬುರಗಿಗೋ ಹೈದರಾಬಾದಿಗೋ ಹೋಗಿ, ಎಮ್ಮೆ ಮಾರಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ. ಆ ಖರ್ಚನ್ನು ಯಾವ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲೂ ಬರೆದಿರುವುದಿಲ್ಲ.

ಪಟಾನ್‌ಚೆರು ತೆಲಂಗಾಣದ್ದು, ನಮಗೇನು ಎನ್ನುವ ಹಾಗಿಲ್ಲ. ನಕ್ಕವಾಗು ಸೇರುವುದು ಮಾಂಜ್ರಾ ನದಿಯನ್ನು. ಮಹಾರಾಷ್ಟ್ರದಲ್ಲಿ ಹುಟ್ಟಿ, ನಮ್ಮ ಬೀದರ್ ಜಿಲ್ಲೆಯಲ್ಲಿ ಹರಿದು, ತೆಲಂಗಾಣಕ್ಕೆ ಇಳಿಯುವ ಅದೇ ಮಾಂಜ್ರಾ. ಅಲ್ಲಿ ನಾವು ಮೇಲಿನವರು, ಅವರು ಕೆಳಗಿನವರು. ಈಗ ಔಷಧ ಕಾರ್ಖಾನೆಗಳು ಮೇಲಕ್ಕೂ ಬಂದಿವೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿವೆ. ಯಾದಗಿರಿಯಲ್ಲಿ, ಭೀಮಾ ಕೃಷ್ಣೆಯನ್ನು ಸೇರುವ ಸೀಮೆಯಲ್ಲಿ, ರೈತರಿಂದ ಮೂರು ಸಾವಿರ ಎಕರೆಗೂ ಹೆಚ್ಚು ಜಮೀನು ಪಡೆದು ಮಾಡಿದ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲೂ ಔಷಧ, ರಾಸಾಯನಿಕ ಘಟಕಗಳೇ ಸುದ್ದಿಯಲ್ಲಿವೆ. ಎರಡೂ ಕಡೆ ಜನ ವಾಸನೆಯ ಬಗ್ಗೆ ವರ್ಷಗಳಿಂದ ದೂರುತ್ತಿದ್ದಾರೆ. ಎರಡೂ ಕಡೆ ಪಟಾನ್‌ಚೆರು ಆಗಿದೆ ಎಂದು ನಾವು ಬರೆಯುತ್ತಿಲ್ಲ. ಪಟಾನ್‌ಚೆರು ಆದರೆ ಹೇಳಬಲ್ಲ ಸಾಲು ನಿಯಮದ ಹಾಳೆಯಲ್ಲಿ ಇಲ್ಲ ಎಂದು ಬರೆಯುತ್ತಿದ್ದೇವೆ. ಜಿಲ್ಲೆಯೊಂದರ ಕಚೇರಿಯಲ್ಲಿ ನಮ್ಮಲ್ಲೊಬ್ಬರು ಈ ಸಾಲಿನ ಬಗ್ಗೆ ಕೇಳಿದಾಗ ಸಿಕ್ಕ ಉತ್ತರ: “ಅದು ನಮ್ಮ ಫಾರ್ಮ್ಯಾಟ್‌ನ್ಯಾಗ ಇಲ್ರಿ.” ಪ್ರಾಮಾಣಿಕ ಉತ್ತರ. ರೋಗವೂ ಅದೇ.

ಫಾರ್ಮ್ಯಾಟ್ ಬದಲಿಸಲು ದಿಲ್ಲಿಯ ದಾರಿ ಕಾಯಬೇಕಿಲ್ಲ. ಕೇಂದ್ರದ ಮಿತಿಗಳಿಗಿಂತ ಬಿಗಿಯಾದ ಮಿತಿ ಹಾಕುವ ಅಧಿಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಕಾರ್ಖಾನೆಗೆ ಕೊಡುವ ಸಮ್ಮತಿಪತ್ರದಲ್ಲೇ ಷರತ್ತು ಸೇರಿಸಬಹುದು. ಎಷ್ಟು ಮಿತಿ ಎಂಬುದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ್ಯಂಟಿಬಯಾಟಿಕ್ ತಯಾರಿಕೆಯ ತ್ಯಾಜ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದು ಕಾನೂನಲ್ಲ, ಆದರೆ ಕಾನೂನು ಮಾಡುವವರ ಕೈಗೆ ಸಿದ್ಧ ಅಳತೆಪಟ್ಟಿ.

ನಮ್ಮ ಒತ್ತಾಯ ಇಷ್ಟು. ಯಾವ ಕಾರ್ಖಾನೆ ಯಾವ ಔಷಧ ತಯಾರಿಸುತ್ತದೆಯೋ ಆ ಔಷಧವನ್ನು ಅದರ ತ್ಯಾಜ್ಯನೀರಿನಲ್ಲಿ ಅಳೆಯಬೇಕು. ಸಾಮೂಹಿಕ ಘಟಕದಲ್ಲಿ ಎಲ್ಲ ಬೆರೆತ ಮೇಲಲ್ಲ, ಕಾರ್ಖಾನೆಯ ಕೊಳವೆಯ ಬಾಯಲ್ಲೇ ಅಳೆಯಬೇಕು. ಕೆಳಗಿನ ಹಳ್ಳದಲ್ಲಿ ನೀರಿನ ಬಾಟಲಿಯ ಜೊತೆ ತಳದ ಕೆಸರನ್ನೂ, ಕಲ್ಲಿನಿಂದ ಕೆರೆದ ಲೋಳೆಯನ್ನೂ ತೆಗೆದುಕೊಳ್ಳಬೇಕು. ಅದರಲ್ಲಿ ಬಗ್ಗದ ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಕಾರ್ಖಾನೆಯ ಮೇಲ್ಭಾಗದ ಹಳ್ಳಕ್ಕೂ ಕೆಳಭಾಗದ ಹಳ್ಳಕ್ಕೂ ಹೋಲಿಸಬೇಕು. ಇವತ್ತಿನ ನೀರು ಇವತ್ತಿನದನ್ನು ಮಾತ್ರ ಹೇಳುತ್ತದೆ. ನಿನ್ನೆ ರಾತ್ರಿ ಎರಡು ಗಂಟೆಗೆ ಬಿಟ್ಟ ನೀರು ಬೆಳಿಗ್ಗೆ ಹತ್ತಕ್ಕೆ ಬರುವ ಅಧಿಕಾರಿಗೆ ಸಿಗುವುದಿಲ್ಲ. ಆದರೆ ಲೋಳೆ ಅಲ್ಲೇ ಕೂತಿರುತ್ತದೆ. ತಿಂಗಳುಗಳ ಕಾಲ ಅದರ ಮೈಮೇಲೆ ಏನೇನು ಹರಿಯಿತು ಎಂಬುದಕ್ಕೆ ಅದು ಸಾಕ್ಷಿ. ಸಾಕ್ಷಿಯನ್ನು ಕರೆಸದೆ ತೀರ್ಪು ಕೊಡುವುದು ಯಾವ ನ್ಯಾಯ? ಕೊನೆಯದಾಗಿ, ಈ ಫಲಿತಾಂಶಗಳು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿರಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಮೇಲ್ಮನವಿ ಹಾಕಿ, ಒಂದೂವರೆ ವರ್ಷ ಕಾದು ಪಡೆಯುವಂಥದ್ದಾಗಬಾರದು.

ನಮ್ಮಂತೆ ತಾಲ್ಲೂಕು, ಹೋಬಳಿಗಳಲ್ಲಿ ಸುದ್ದಿ ಬರೆಯುವ ಗೆಳೆಯ ಗೆಳತಿಯರಿಗೂ ಒಂದು ಮಾತು. ಇನ್ನು ಮುಂದೆ ಯಾರಾದರೂ ‘ಎಲ್ಲಾ ಮಿತಿಯೊಳಗಿದೆ’ ಎಂದಾಗ ಪೆನ್ನು ಓಡಿಸುವ ಮುಂಚೆ ಮೂರು ಪ್ರಶ್ನೆ ಕೇಳೋಣ. ಈ ಕಾರ್ಖಾನೆಯಲ್ಲಿ ತಯಾರಾಗುವ ಔಷಧ ಯಾವುದು? ಅದನ್ನು ನೀರಿನಲ್ಲಿ ಅಳೆದಿದ್ದೀರಾ? ಕೆಸರು, ಲೋಳೆ ತೆಗೆದುಕೊಂಡಿದ್ದೀರಾ? ‘ಇಲ್ಲ’ ಎಂದರೆ ಆ ‘ಇಲ್ಲ’ವನ್ನೇ ಸುದ್ದಿಯ ಮೊದಲ ಸಾಲಾಗಿ ಬರೆಯೋಣ. ಅದಕ್ಕೆ ನೂರೈವತ್ತು ಪದವೂ ಬೇಕಿಲ್ಲ.